ಗೋಡೆಗೆ ಮುಖ ಮಾಡಿದ ಪರೀಕ್ಷಕಿ

ಕುರನೂರಿನ ಸಾಲೆಯಲ್ಲಿ ಇನ್ನೂ ಮಬ್ಬುಗತ್ತಲೆ. ನೀಲಗಂಗಾಬಾಯಿಯವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಾವೇ ಕಸ ಗುಡಿಸುತ್ತಿದ್ದಾರೆ. ಗುಡಿಸಿದ ಮೇಲೆ ಚಾಪೆ ಹಾಸುತ್ತಾರೆ, ತಗಡಿನ ಪೆಟ್ಟಿಗೆ ತೆರೆಯುತ್ತಾರೆ. ಒಳಗೆ ಚಿತ್ರ ಅಂಟಿಸಿದ ರಟ್ಟುಗಳು, ದಾರಕ್ಕೆ ಪೋಣಿಸುವ ಮಣಿಗಳು, ಬಣ್ಣ ಬಳಿದ ಕಟ್ಟಿಗೆಯ ತುಂಡುಗಳು. ಆಟದ ಸಾಮಾನು ಮಾರಲು ಬಂದವರೆಂದು ಯಾರಾದರೂ ತಿಳಿದರೆ ತಪ್ಪಿಲ್ಲ. ಊರು ಮಾತ್ರ ಹಾಗೆ ತಿಳಿದಿಲ್ಲ. ಬೋರಿ ನದಿಗೆ ನೀರಿಗೆ ಹೊರಟ ಹೆಂಗಸರು ಸಾಲೆ ಹತ್ತಿರ ಬರುತ್ತಲೇ ಕಂಕುಳ ಕೂಸಿನ ಮುಖಕ್ಕೆ ಸೆರಗು ಮುಚ್ಚಿ, ಸರಸರ ದಾಟಿಬಿಡುತ್ತಾರೆ. ಬಾಯಿಯವರು ಕಂಡೂ ಕಾಣದವರಂತೆ ಮಣಿಗಳನ್ನು ಬಣ್ಣದ ಪ್ರಕಾರ ಬೇರೆ ಮಾಡುತ್ತ ಕೂತಿದ್ದಾರೆ.

"ಸಿಡುಬಿನ ದೇವಿ ಹಾಕಾಕ ಬರೋರಿಗಿನೂ ಒಂದು ವಾಟಿ ಚಹಾ ಸಿಗ್ತದ್ರಿ," ಎಂದು ನಗುತ್ತಾರೆ. "ನನಗ ನೀರು ಕೊಡೋದಾದ್ರ ಯಾರು ಕೊಡಬೇಕು ಅಂತ ಒಳಗ ಮಾತುಕತಿ ನಡೀತದ."

ಅವರ ಕೆಲಸ ಮಕ್ಕಳ ಬುದ್ಧಿಯನ್ನು ಅಳೆಯುವುದು. ಅವರ ಬಗ್ಗೆ ಬರೆಯಲೆಂದು ಜೊತೆಗೆ ಬಂದ ನನಗೂ ಮೊದಲ ಸಲ ಇದನ್ನು ಕೇಳಿದಾಗ ಜೋಳ ಅಳೆಯುವ ಸೇರು, ಪಾವುಗಳೇ ಕಣ್ಣ ಮುಂದೆ ಬಂದವು. ವಿಲಾಯತಿಯಲ್ಲಿ ಹುಟ್ಟಿದ ವಿದ್ಯೆ ಇದು. ಇಂತಿಷ್ಟು ವಯಸ್ಸಿನ ಮಗು ಇಂತಿಂಥ ಪ್ರಶ್ನೆಗೆ ಉತ್ತರ ಹೇಳಬಲ್ಲದು ಎಂದು ಪಂಡಿತರು ಗೊತ್ತುಮಾಡಿದ್ದಾರೆ. ಆ ಗೆರೆಯನ್ನು ಬಹಳ ದೂರ ದಾಟಿದ ಮಗು ಅಸಾಮಾನ್ಯ. ಸೊಲ್ಲಾಪುರದ ಒಬ್ಬ ನೂಲಿನ ವ್ಯಾಪಾರಿ ಹೆಣ್ಣುಮಕ್ಕಳಿಗಾಗಿ ಒಂದು ವಸತಿಗೃಹ ಕಟ್ಟಿಸಿದ್ದಾರೆ. ಪ್ರತಿವರ್ಷ ಅಕ್ಕಲಕೋಟೆ ಕಡೆಯ ಹಳ್ಳಿಗಳಿಂದ ಅಂಥ ಒಂದು ಹುಡುಗಿಗೆ ಅಲ್ಲಿ ಊಟ, ವಸತಿ, ಇಂಗ್ಲಿಷ್ ಸಾಲೆ ಎಲ್ಲವೂ ಧರ್ಮಾರ್ಥ. ಆ ಒಬ್ಬಳನ್ನು ಹುಡುಕುವವರು ನೀಲಗಂಗಾಬಾಯಿ. ಪ್ರಶ್ನೆಗಳು ಅಚ್ಚಾಗಿರುವುದು ಮರಾಠಿಯಲ್ಲಿ. ಹಳ್ಳಿಯ ಮಕ್ಕಳು ಮಾತಾಡುವುದು ಕನ್ನಡ. ಹೀಗಾಗಿ ಕನ್ನಡದ ಮನೆಯಲ್ಲಿ ಹುಟ್ಟಿ ಮರಾಠಿ ಸಾಲೆಯಲ್ಲಿ ಕಲಿತ ಇವರೇ ಬೇಕಾಯಿತು.

ದಿನಕ್ಕೆ ಇಬ್ಬರು ಮಕ್ಕಳು, ಅದಕ್ಕಿಂತ ಹೆಚ್ಚಿಲ್ಲ. ಬಿಸಿಲೇರುವ ಮುಂಚೆ ಒಬ್ಬರು, ಇಳಿಹೊತ್ತಿಗೆ ಒಬ್ಬರು. ಪರೀಕ್ಷೆ ನಡೆಯುವಾಗ ಶಾಬಾಶ್ ಅನ್ನುವಂತಿಲ್ಲ, ತಪ್ಪು ಅನ್ನುವಂತಿಲ್ಲ, ಮುಖದ ಮೇಲೆ ಸಂತೋಷ ತೋರಿಸುವಂತಿಲ್ಲ. ಮುಗಿದ ಮೇಲೆ ಫಲ ಎಂಥದೆಂದು ಮನೆಯವರಿಗೆ ತಾವಾಗಿ ಹೇಳುವಂತಿಲ್ಲ. ಅದನ್ನು ಹೇಳುವವರು ಸೊಲ್ಲಾಪುರದ ಹಿರಿಯ ಮಾಸ್ತರರು. ಒಂದು ಮಗುವಿನ ಮನಸ್ಸಿನೊಳಗೆ ಅರ್ಧ ದಿನ ಓಡಾಡಿ, ಆಮೇಲೆ ಪೆಟ್ಟಿಗೆ ಮುಚ್ಚಿಕೊಂಡು ಹೊರಟುಬಿಡಬೇಕು. ಮತ್ತೆ ಆ ಮಗುವಿನ ಹತ್ತಿರ ಕೆಲಸವಿಲ್ಲ.

"ರಸ್ತಾದಾಗ ಹುಡುಗರು ಸಿಕ್ರ ಗುರುತು ಹಿಡಿಯಂಗಿಲ್ರಿ. ನನಗ ಮಾತ್ರ ಯಾರು ಏನು ಹೇಳಿದ್ರು ಅನ್ನೋದು ನೆನಪದ. ರಾತ್ರಿ ಅಡಗಿ ಮಾಡ್ಕೋತ ಅವರ ಮಾತು ನಾನೇ ಆಡ್ಕೋತೀನಿ."

ಅವರು ಹುಟ್ಟಿದ್ದು ಸೊಲ್ಲಾಪುರದ ಕಿರಾಣಿ ವ್ಯಾಪಾರಿಯ ಮನೆಯಲ್ಲಿ. ಇವರಿಗೆ ಹದಿನಾರು ವರ್ಷವಿದ್ದಾಗ ಗಂಡ ಪ್ಲೇಗಿಗೆ ತುತ್ತಾದರು. ಗಂಡನ ಮನೆಯವರು ಪೆಟ್ಟಿಗೆ ಸಮೇತ ತವರಿಗೆ ಕಳಿಸಿದರು. ತವರಿನಲ್ಲಿ ಅಣ್ಣನ ಮಕ್ಕಳ ಹುಟ್ಟು, ಮದುವೆ, ತೊಟ್ಟಿಲು, ಯಾವುದಕ್ಕೂ ಇವರು ಮುಂದೆ ಬರುವಂತಿರಲಿಲ್ಲ. ಅಡುಗೆಯೆಲ್ಲ ಇವರದೇ ಕೈಯದು, ಬಡಿಸಲು ಬೇರೆಯವರು! ಒಂದು ದಿನ ಸಾಕೆನಿಸಿ, ಮಾಸ್ತರಿಕೆ ಕಲಿಸುವ ಸಾಲೆಗೆ ಹೋಗಿ ಹೆಸರು ಹಚ್ಚಿಬಂದರು. ಈಗ ವಿಜಾಪುರ ವೇಸ್ ಎಂಬ ಊರಬಾಗಿಲಿನ ಹತ್ತಿರ ಒಂದೇ ಕೋಣೆಯಲ್ಲಿ ಇರುತ್ತಾರೆ. ಹಣೆಯಲ್ಲಿ ವಿಭೂತಿ, ಕೈ ಬರಿದು. ನೋಡಿದವರಿಗೆ ಇನ್ನೇನೂ ಹೇಳಬೇಕಾಗಿಲ್ಲ.

ನಮ್ಮ ಸೀಮೆಯ ತಾಯಂದಿರಿಗೆ ಒಂದು ರೂಢಿ. ಮಗು ಚುರುಕಾಗಿದ್ದಷ್ಟೂ ಅದನ್ನು ದಡ್ಡ ಅನ್ನುತ್ತಾರೆ. ಮಗ ಪಾಠ ಒಪ್ಪಿಸಿದರೆ "ನಮ್ಮ ಕಲ್ಲಪ್ಪಗ ಏನೂ ತಿಳಿಯಂಗಿಲ್ರಿ" ಎಂದು ಮೂಗು ಮುರಿಯುತ್ತಾರೆ. ಕಲ್ಲೇಟಿಗಿಂತ ಕಣ್ಣೇಟು ಕೆಟ್ಟದ್ದು ಎಂದು ನಂಬಿದ ಜನ. ಅಂಥವರ ಮನೆ ಬಾಗಿಲಿಗೆ ಗಂಡ ಸತ್ತ ಹೆಣ್ಣುಮಗಳೊಬ್ಬಳು ಬಂದು, ನಿಮ್ಮ ಕೂಸಿನ ಬುದ್ಧಿ ಎಷ್ಟಿದೆಯೆಂದು ನೋಡುತ್ತೇನೆ ಅಂದರೆ ಹೇಗಾಗಬೇಡ! ನೀಲಗಂಗಾಬಾಯಿ ಇದನ್ನು ಬೈದುಕೊಳ್ಳುವುದಿಲ್ಲ. ಪರೀಕ್ಷೆ ಮುಗಿದ ಕೂಡಲೇ "ಉಪ್ಪು ಮೆಣಸಿನಕಾಯಿ ಇಳಿಸಿ ಒಲಿಗಿ ಹಾಕವ್ವ" ಎಂದು ತಾವೇ ತಾಯಿಗೆ ಹೇಳುತ್ತಾರೆ. ತಮ್ಮ ಕಣ್ಣಿನ ದೋಷವನ್ನು ತಮ್ಮೆದುರಿಗೇ ತೆಗೆಸಿ ಹೊರಡುತ್ತಾರೆ.

ಇವತ್ತು ಅವರು ಕುರನೂರಿಗೆ ಎರಡನೆಯ ಸಲ ಬಂದಿದ್ದಾರೆ. ಅದಕ್ಕೆ ಕಾರಣ ಅಕ್ಕನಾಗಮ್ಮ ಎಂಬ ಒಂಬತ್ತು ವರ್ಷದ ಹುಡುಗಿ. ಹೊಲಮನೆ ಚೆನ್ನಾಗಿರುವ ಸಾತಲಿಂಗಪ್ಪನ ಮಗಳು. ಕಳೆದ ತಿಂಗಳು ಬಂದಾಗ ಈ ಹುಡುಗಿ ಮೊದಲಿನಿಂದ ಕೊನೆಯವರೆಗೆ ಒಂದೇ ಮಾತು ಹೇಳಿದಳು: ಗೊತ್ತಿಲ್ಲ. ಆಕಳಿಗೆ ಎಷ್ಟು ಕಾಲು? ಗೊತ್ತಿಲ್ಲ. ನಿನ್ನ ಹೆಸರೇನು? ಅದೂ ಗೊತ್ತಿಲ್ಲ!

"ದಡ್ಡ ಹುಡುಗ್ರು ತಪ್ಪು ಹೇಳ್ತಾರ್ರಿ," ಬಾಯಿಯವರು ಲೆಕ್ಕ ಬಿಡಿಸಿ ಹೇಳುತ್ತಾರೆ. "ಆಕಳಿಗಿ ಆರು ಕಾಲು ಅಂತಾರ, ಹತ್ತು ಅಂತಾರ. ಈಕಿ ಒಂದಾದ್ರೂ ತಪ್ಪು ಹೇಳಬೇಕಲ್ಲ? ಬಾಯಿ ತಪ್ಪಿ ಖರೇ ಉತ್ತರ ಬಂದೀತು ಅಂತ ಎಷ್ಟು ಹುಶಾರಾಗಿ ಕುಂತಿದ್ದಳು! ಅಷ್ಟು ಹೊತ್ತು ತಡಕೊಂಡು ಕೂಡಾಕ ದೊಡ್ಡವರಿಂದನೂ ಆಗಂಗಿಲ್ಲ."

ಹಿರಿಯ ಮಾಸ್ತರರು ಮೊದಲು ಒಪ್ಪಲಿಲ್ಲ. ಹೇಳದ ಉತ್ತರಕ್ಕೆ ಗುಣ, ಎಂದರೆ ಅಂಕ, ಕೊಡುವುದು ಯಾವ ಶಾಸ್ತ್ರ ಎಂದರು. ಬಾಯಿಯವರು ಬಿಡಲಿಲ್ಲ. ಕಡೆಗೆ, ಬೇರೆ ಪ್ರಶ್ನೆಗಳೊಂದಿಗೆ ಇನ್ನೊಂದೇ ಸಲ ಎಂದು ಅಪ್ಪಣೆಯಾಯಿತು. ಇವತ್ತು ಹುಡುಗಿ ಬಾಯಿ ಬಿಡದಿದ್ದರೆ ಈ ಸಾಲಿನ ಜಾಗ ಬೇರೆ ಯಾರಿಗೋ ಹೋಗುತ್ತದೆ. ಊರಿನ ಸಾಲೆಯಲ್ಲಿ ಇರುವುದು ನಾಲ್ಕನೆಯ ಇಯತ್ತೆಯವರೆಗೆ ಮಾತ್ರ. ಅದು ಮುಗಿದೇ ಹೋಯಿತು. ಸೋದರಮಾವನ ಮನೆಯಿಂದ ಲಗ್ನದ ಮಾತೂ ಬಂದಿದೆ.

ಬಿಸಿಲು ಬೀಳುವ ಹೊತ್ತಿಗೆ ತಾಯಿ ಗುರಮ್ಮ ಮಗಳ ಕೈ ಹಿಡಿದುಕೊಂಡು ಬರುತ್ತಾರೆ. ಗಂಡನ ಒತ್ತಾಯಕ್ಕೆ ಬಂದಿದ್ದಾರೆಂದು ಮುಖವೇ ಹೇಳುತ್ತದೆ. ಹೊಸ್ತಿಲಿನಲ್ಲೇ ನಿಂತು, ಯಾರ ಕಡೆಗೂ ನೋಡದೆ ಮಾತಾಡುತ್ತಾರೆ.

"ಸಿಟ್ಟಾಗಬ್ಯಾಡ್ರಿ ಬಾಯಿ. ಗೊತ್ತಿಲ್ಲ ಅನ್ನು ಅಂತ ನಾನೇ ಕಲಿಸಿದ್ದೆ. ಈಕಿಗಿಂತ ಮೊದಲ ಎರಡು ಕೂಸು ಹೋಗ್ಯಾವ. ಹಿರೀದು ಎರಡು ವರ್ಷದ್ದಿದ್ದಾಗ ಪೂರಾ ಪದ ಹಾಡ್ತಿತ್ತು. ಕೇಳಿದಾಕಿ ಒಬ್ಬಾಕಿ, ಏನು ಬುದ್ಧಿ ಅದ ಈ ಕೂಸಿಗಿ ಅಂದ್ಲು. ವಾರ ತುಂಬಲಿಲ್ರಿ."

ನೀಲಗಂಗಾಬಾಯಿ ಮಣಿಗಳನ್ನು ಪಕ್ಕಕ್ಕೆ ಸರಿಸುತ್ತಾರೆ. "ನಾನು ಆಕಿನ್ನ ನೋಡದೇ ಇದ್ರ?" ಎಂದು ಕೇಳುತ್ತಾರೆ. ಗುರಮ್ಮನಿಗೆ ಅರ್ಥವಾಗುವುದಿಲ್ಲ. ಬಾಯಿಯವರು ಎದ್ದು ಗೋಡೆಗೆ ಮುಖ ಮಾಡಿ, ಚಾಪೆಗೆ ಬೆನ್ನು ಹಾಕಿ ಕೂಡುತ್ತಾರೆ. "ಚಿತ್ರ ನೀವ ತೋರಿಸ್ರಿ ಅವ್ವ. ನಾನು ಕೇಳ್ತೀನಿ, ಕೂಸು ಹೇಳ್ಲಿ. ಬೆನ್ನು ಮಾಡಿ ಕುಂತಿದ್ದೆ ಅಂತ ಮಾಸ್ತರರಿಗಿ ನಾನೇ ಬರದು ತಿಳಸ್ತೀನಿ."

ಗುರಮ್ಮ ಮಗಳ ಕಡೆಗೆ ನೋಡುತ್ತಾರೆ, ಆ ಬೆನ್ನಿನ ಕಡೆಗೆ ನೋಡುತ್ತಾರೆ. ಆಮೇಲೆ ಚಾಪೆಯ ಮೇಲೆ ಕೂತು ಮೊದಲನೆಯ ರಟ್ಟನ್ನು ಕೈಗೆತ್ತಿಕೊಂಡು, "ಹೇಳು," ಅನ್ನುತ್ತಾರೆ.

ಹುಡುಗಿ ಹೇಳತೊಡಗುತ್ತಾಳೆ. ಕಟ್ಟೆ ಒಡೆದ ನೀರಿನ ಹಾಗೆ ಹೇಳುತ್ತಾಳೆ. ಅಂಕಿಗಳನ್ನು ಕೊನೆಯಿಂದ ಮೊದಲಿಗೆ ಒಪ್ಪಿಸುತ್ತಾಳೆ, ಚಿತ್ರದಲ್ಲಿ ಇಲ್ಲದ್ದನ್ನು ಹುಡುಕುತ್ತಾಳೆ. ಒಂಬತ್ತು ವರ್ಷದವರ ಪ್ರಶ್ನೆಗಳು ಮುಗಿಯುತ್ತವೆ, ಹತ್ತರವು ಮುಗಿಯುತ್ತವೆ, ಹನ್ನೆರಡರವನ್ನು ಶುರುಮಾಡಬೇಕಾಗುತ್ತದೆ. ಬಾಯಿಯವರ ದನಿಯಲ್ಲಿ ಏನೂ ವ್ಯತ್ಯಾಸವಿಲ್ಲ. ನಾನು ಮೂಲೆಯಲ್ಲಿ ಕೂತವನು, ಅವರ ಮುಖ ನನ್ನೊಬ್ಬನಿಗೇ ಕಾಣುತ್ತಿದೆ. ಯಾರೂ ನೋಡುತ್ತಿಲ್ಲವೆಂಬ ಧೈರ್ಯಕ್ಕೆ ಆ ಮುಖ ನಗುತ್ತಿದೆ.

ಒಂದು ಪ್ರಶ್ನೆ ಹೀಗಿದೆ: ಕಣ್ಣಿಲ್ಲದ ಮುದುಕನೊಬ್ಬ ದಿನಾ ಕನ್ನಡಿ ನೋಡಿಕೊಂಡು ತಲೆಗೆ ಪಟಗಾ ಸುತ್ತುತ್ತಾನೆ, ಇದರಲ್ಲಿ ತಪ್ಪೇನು? ಅಕ್ಕನಾಗಮ್ಮ ಈ ಸಲ ತಡೆದು ಹೇಳುತ್ತಾಳೆ. "ತಪ್ಪೇನಿಲ್ರಿ. ತನಗ ಕಾಣಂಗಿಲ್ಲ ಅನ್ನೋದು ಮಂದಿಗಿ ತಿಳೀಬಾರದು ಅಂತ ನೋಡಿದಂಗ ಮಾಡ್ತಾನ."

ಗುರಮ್ಮನ ಕೈಯಲ್ಲಿದ್ದ ರಟ್ಟು ಹಾಗೇ ಉಳಿಯುತ್ತದೆ. ಮಗಳನ್ನು ಹೊಸದಾಗಿ ಕಂಡವರಂತೆ ನೋಡುತ್ತಾರೆ.

"ಅದನ್ನ ತಪ್ಪು ಅಂತ ಬರದೆ ನೋಡ್ರಿ," ಎಂದು ಬಾಯಿಯವರು ಆಮೇಲೆ ನನಗೆ ಹೇಳಿದರು. "ಕುರುಡಗ ಕನ್ನಡಿ ಕಾಣಂಗಿಲ್ಲ ಅಂದ್ರಷ್ಟ ಗುಣ. ನಿಯಮ ಹಂಗದ. ಆ ವಿಲಾಯತಿ ಪಂಡಿತರು ನಮ್ಮ ಕಡಿ ಹೆಣ್ಣುಮಕ್ಕಳಿಗಿ ಕೇಳಿ ನಿಯಮ ಮಾಡಿಲ್ಲಲ್ಲ."

ಎಲ್ಲ ಮುಗಿದ ಮೇಲೆ ಗುರಮ್ಮ ತಾವಾಗಿ ಕೇಳುತ್ತಾರೆ. "ಹೆಂಗ ಅದಾಳ್ರಿ ನಮ್ಮ ಪೋರಿ?" ಉತ್ತರ ಹೇಳುವ ಅಧಿಕಾರ ಬಾಯಿಯವರಿಗಿಲ್ಲ. ಅವರು ಗೋಡೆಯಿಂದ ಮುಖ ತಿರುಗಿಸದೆ, "ದಡ್ಡಿ ಅದಾಳವ್ವ, ಭಾಳ ದಡ್ಡಿ," ಅನ್ನುತ್ತಾರೆ. ಗುರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಮನೆಗೆ ಹೋದವರು, ಒಂದು ತಂಬಿಗೆ ಮಜ್ಜಿಗೆ ತಂದು ಬಾಯಿಯವರ ಪಕ್ಕದಲ್ಲಿ ಇಟ್ಟು ಹೋಗುತ್ತಾರೆ.

ಮಾಸ್ತರರು ಒಪ್ಪಿದರು. ಬೆನ್ನು ಮಾಡಿ ಕೂತದ್ದಕ್ಕೆ ಹುಬ್ಬು ಗಂಟಿಕ್ಕಿದರಂತೆ. ಆದರೆ ಉತ್ತರಗಳ ಮುಂದೆ ಹುಬ್ಬು ತಾನಾಗಿ ಸಡಿಲವಾಯಿತು. ಜಾಗ ಅಕ್ಕನಾಗಮ್ಮನಿಗೇ ಸಿಕ್ಕಿತು. ಜೂನ್ ತಿಂಗಳಲ್ಲಿ, ಅವಳು ಹೊರಡುವ ದಿನ ನಾನೂ ಕುರನೂರಿಗೆ ಹೋದೆ. ನೀಲಗಂಗಾಬಾಯಿ ಮುಂದಿನ ಸಾಲಿನ ಮಕ್ಕಳನ್ನು ನೋಡಲೆಂದು ನಸುಕಿನಲ್ಲೇ ಸಾಲೆಗೆ ಬಂದಿದ್ದಾರೆ. ಸಾತಲಿಂಗಪ್ಪನ ಆಳು ಸಾಯಬಣ್ಣ ಗಾಡಿ ಹೂಡಿದ್ದಾನೆ. ಅಕ್ಕಲಕೋಟೆ ರೋಡ್ ಸ್ಟೇಷನ್ನಿಗೆ ಹೋಗಬೇಕಾದರೆ ಸಾಲೆಯ ಮುಂದಿನಿಂದಲೇ ಹೋಗಬೇಕು.

ಗಾಡಿಯ ಸದ್ದು ಕೇಳಿದ ಕೂಡಲೇ ಬಾಯಿಯವರು ಬಾಗಿಲು ಮುಚ್ಚಿ ಅದರ ಹಿಂದೆ ನಿಂತುಕೊಳ್ಳುತ್ತಾರೆ. ಊರಿಗೆ ಹೊರಟವರಿಗೆ ಗಂಡ ಇಲ್ಲದವರು ಎದುರು ಬರಬಾರದು. ಅದನ್ನು ಅವರಿಗೆ ಈ ದಿನ ಯಾರೂ ಹೇಳಿಲ್ಲ, ಗುರಮ್ಮ ಕೂಡ ಹೇಳಿಲ್ಲ. ನಾನೊಬ್ಬ ಕಿಟಕಿಯಲ್ಲಿದ್ದೇನೆ.

"ಬಂತೇನ್ರಿ?" ಎಂದು ಕೇಳುತ್ತಾರೆ.

"ಬಂತು. ಹುಡುಗಿ ಹೊಸ ಪರಕಾರ ಹಾಕ್ಯಾಳ. ಈ ಕಡೇನೇ ನೋಡ್ಲಿಕತ್ತಾಳ."

"ಅಳಾಕತ್ತಾಳೇನು?"

"ಇಲ್ರಿ. ನಿಮ್ಮನ್ನೇ ಹುಡುಕ್ಲಿಕತ್ತಾಳ. ಒಮ್ಮೆ ಹೊರಗ ಬರ್ರಿ."

ಅವರು ಕದಲುವುದಿಲ್ಲ. ಗಾಡಿ ದಾಟಿ, ಜಾಲಿಗಿಡಗಳ ಸಾಲಿನ ಆಚೆ ಮರೆಯಾಗುತ್ತದೆ. ನನಗೆ ತಡೆಯಲಾಗದ ಸಿಟ್ಟು ಬಂದಿದೆ. ಮಕ್ಕಳ ಬುದ್ಧಿಯನ್ನು ಶಾಸ್ತ್ರದಿಂದ ಅಳೆಯುವವರು ನೀವು, ಈ ಶಕುನವನ್ನೆಲ್ಲ ನಂಬುತ್ತೀರಾ ಎಂದು ಗದರಿಸಿದಂತೆ ಕೇಳಿಬಿಡುತ್ತೇನೆ.

"ನಂಬಂಗಿಲ್ರಿ," ಎನ್ನುತ್ತ ಬಾಯಿಯವರು ಬಾಗಿಲು ತೆರೆಯುತ್ತಾರೆ. ಖಾಲಿ ದಾರಿಯನ್ನು ಬೇಕಾದಷ್ಟು ಹೊತ್ತು ನೋಡುತ್ತಾರೆ. "ಆದ್ರ ಅದು ಖರೇನೋ ಸುಳ್ಳೋ ಅಂತ ಪರೀಕ್ಷಾ ಮಾಡಾಕ ನನಗ ಆ ಕೂಸೇ ಬೇಕೇನ್ರಿ?"