ಮುಂದಿನ ಹೆಜ್ಜೆಯ ಇಂಜಿನಿಯರು

ಮಹಡಿ ಮನೆಯ ಇಂಜಿನಿಯರು ಕೊಡೆ ಬಿಚ್ಚುವುದಕ್ಕೂ ಹಿಂದೆಮುಂದೆ ಎಣಿಸುವ ಆಸಾಮಿ; ಎಣಿಸಿ ಮುಗಿಯುವಷ್ಟರಲ್ಲಿ ಮಳೆಯೇ ನಿಂತಿರುತ್ತದೆ. ಮೋಟಾರಿಗೆ ಹೋಗುವ ಕರೆಂಟನ್ನು ಒಂಬತ್ತು ಸ್ವಿಚ್ಚುಗಳಿಂದ ಪಳಗಿಸುವುದು ಅವರ ಕಸುಬು: ಯಾವುದನ್ನು ಹಾಕಿದರೆ ಮರುಗಳಿಗೆ ಏನಾದೀತೆಂದು ಎಲ್ಲವನ್ನೂ ಲೆಕ್ಕಹಾಕಿ, ಒಳ್ಳೆಯದೊಂದನ್ನು ಆರಿಸಿ, ಮತ್ತೆ ಮೊದಲಿಂದ ಲೆಕ್ಕಕ್ಕೆ ಕೂರಬೇಕು, ನಡುವೆ ಕರೆಂಟು ಮಾತ್ರ ಕಡಿಯಬಾರದು. “ನನ್ನನ್ನು ಒಪ್ಪೋವಾಗಲೂ ಹೀಗೇ ಎಣಿಸಿದ್ರಾ?” ಅಂತ ಹೆಂಡತಿ ಕೆಣಕುತ್ತಿದ್ದಳು. ಈಗ ಆಕೆಗೆ ಲಕ್ವ ಹೊಡೆದಿದೆ. ದಿನಾ ಸಂಜೆ ಇಂಜಿನಿಯರೇ ಆಕೆಯನ್ನು ಅಂಗಳದಲ್ಲಿ ನಡೆಸುತ್ತಾರೆ, ಆಕೆಯ ಒಂದು ಕೈಯನ್ನು ಭದ್ರವಾಗಿ ಹಿಡಿಯದೆ ಇನ್ನೊಂದನ್ನು ಬಿಡುವುದಿಲ್ಲ. “ಗೇಟು ಮುಟ್ತೀನೇನ್ರೀ?” “ಗೇಟಿನ ಮಾತು ಬಿಡೇ, ಈ ಹೆಜ್ಜೆ ಇಡು.” ನಿನ್ನೆ ಆಕೆಯ ಕೈಗೆ ಗೇಟಿನ ಕಂಬಿ ತಾಗಿತು. ಆಕೆ ಅಳುತ್ತಲೇ ನಕ್ಕಳು. ಇಂಜಿನಿಯರು ಆಗಲೇ ಹಿಂದಿರುಗುವ ಮೊದಲ ಹೆಜ್ಜೆ ಎಣಿಸುತ್ತಿದ್ದರು.