ಮಿಡಿಸೇಬಿನ ಮರಕ್ಕೆ ಹನ್ನೊಂದು ಸೀರೆ

ಅಂಗಡಿಯ ಬಾಗಿಲಿನಿಂದ ತರಕಾರಿ ಇಟ್ಟ ಕಡೆಗೆ ನಡೆದು ಬರುವಷ್ಟರಲ್ಲಿ ಒಬ್ಬರು ಎಂಥ ಗಿರಾಕಿ ಎಂದು ಹೇಳಿಬಿಡಬಹುದು. ಅಂಬುಜಾ ಅವರಿಗೆ ನಾನು ಕಟ್ಟಿದ ಬೆಲೆ ಹೀಗಿತ್ತು. ವಯಸ್ಸು ಅರವತ್ತೆರಡು. ಎತ್ತರ ಐದಡಿಗೆ ಒಂದು ಬೆರಳು ಕಡಿಮೆ. ಎಡ ಮಂಡಿ ರಿಪೇರಿಗೆ ಬಂದಿದೆ. ಕೈಯಲ್ಲಿ ಮೈಸೂರಿನ ಯಾವುದೋ ಜವಳಿ ಅಂಗಡಿಯ ಹೆಸರು ಅರ್ಧ ಅಳಿಸಿಹೋದ ಬಟ್ಟೆ ಚೀಲ. ಬೆಂಡೆಕಾಯಿಯ ತುದಿ ನಲವತ್ತು ಮುರಿದು ಇಪ್ಪತ್ತು ಕೊಳ್ಳುವವರು. ಉಪ್ಪಿನಕಾಯಿ ಸಾಲಿನ ಮುಂದೆ ನಿಂತು, ಬಾಟಲಿ ತಿರುಗಿಸಿ, ಹಿಂದಿನ ಚೀಟಿಯನ್ನು ಪರೀಕ್ಷೆಯ ಪೇಪರ್ ತಿದ್ದುವವರ ಹಾಗೆ ಓದಿ, "ವಿನಿಗರ್ ಹಾಕಿದಾರೆ" ಎಂದು ವಾಪಸ್ ಇಡುವವರು. ಒಟ್ಟಿನಲ್ಲಿ ಹೊತ್ತು ಹೆಚ್ಚು ತಿನ್ನುವ, ವ್ಯಾಪಾರ ಕಡಿಮೆ ಕೊಡುವ ಆಸಾಮಿ. ಅಮೆರಿಕದ ಈ ಶಾಮ್‌ಬರ್ಗಿನಲ್ಲಿ ಇಪ್ಪತ್ತೊಂದು ವರ್ಷದಿಂದ ಅಂಗಡಿ ಇಟ್ಟವನ ಅಂದಾಜು ತಪ್ಪುವುದು ಅಪರೂಪ. ಇವರ ವಿಷಯದಲ್ಲಿ ತಪ್ಪಿತು, ಅದೂ ಸೆಪ್ಟೆಂಬರ್ ತಿಂಗಳಲ್ಲಿ.

ಸೆಪ್ಟೆಂಬರ್ ಬಂತೆಂದರೆ ಇಲ್ಲಿನ ನಮ್ಮ ಜನ ಮನೆಯಲ್ಲಿ ಯಾರಿಗೋ ಹುಷಾರಿಲ್ಲದವರ ಹಾಗೆ ಮುಖ ಮಾಡಿಕೊಂಡು ಓಡಾಡುತ್ತಾರೆ. ಬೇಸಿಗೆಯ ಕೊನೆಯ ರಜೆ ಲೇಬರ್ ಡೇ ಮುಗಿಯಿತು, ಹಿತ್ತಲಲ್ಲಿ ಅಡುಗೆ ಮಾಡುವ ಗ್ರಿಲ್ ಗರಾಜು ಸೇರಿತು, ಇನ್ನು ಆರು ತಿಂಗಳು ಜೈಲು ಎಂದು ಕೌಂಟರಿನಲ್ಲಿ ನಿಂತು ನಿಟ್ಟುಸಿರು ಬಿಡುತ್ತಾರೆ. ಅಂಬುಜಾ ಇದಕ್ಕೆ ತದ್ವಿರುದ್ಧ. ಬೆಳಗಿನ ಟೆಂಪರೇಚರ್ ಇಲ್ಲಿನ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಅರವತ್ತರ ಕೆಳಗೆ ಇಳಿದ ಮೊದಲ ದಿನ ಅವರು ಏಸಿ ಆರಿಸಿ, ಮನೆಯ ಕಿಟಕಿಗಳನ್ನೆಲ್ಲ ತೆರೆದು, ಮೆಣಸಿನ ಸಾರಿಗೆ ಒಗ್ಗರಣೆ ಹಾಕುತ್ತಾರೆ.

"ಕಿಟಕಿ ಮುಚ್ಚೇ ಅಂಬು," ಎಂದು ಅವರ ಗಂಡ ಮಾಧವ ಶಾಲು ಎಳೆದುಕೊಳ್ಳುತ್ತಾರೆ. "ಸಾರಿನ ಬಿಸಿಯೆಲ್ಲ ಬೀದಿ ಪಾಲಾಗ್ತಿದೆ."

"ಆಗ್ಲಿ ಬಿಡಿ. ಮೂರು ತಿಂಗಳು ಬೀದಿ ಬಿಸಿಯೆಲ್ಲ ನಮ್ಮನೆಗೇ ಬಂದಿತ್ತಲ್ಲ."

ಈ ಹುರುಪಿಗೆ ಕಾರಣ ಒಂದು ಮರ. ಅವರ ಬಡಾವಣೆಯ ತಿರುವಿನಲ್ಲಿ, ನಡೆಯುವ ದಾರಿಯ ಪಕ್ಕದಲ್ಲೇ ಇರುವ ಕ್ರ್ಯಾಬ್ ಆಪಲ್ ಮರ. ಇಪ್ಪತ್ತಾರು ವರ್ಷದ ಹಿಂದೆ, ಮೈಸೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಲೆಕ್ಕ ಕಲಿಸುತ್ತಿದ್ದ ಅಂಬುಜಾ ಗಂಡನ ಕೆಲಸದ ಹಿಂದೆ ಇಲ್ಲಿಗೆ ಬಂದಾಗ ಆಗಸ್ಟ್ ಮುಗಿಯುತ್ತಿತ್ತು. ಗುರುತಿನವರು ಒಬ್ಬರಿಲ್ಲ, ತಿಂದದ್ದು ಯಾವುದೂ ನಾಲಿಗೆಗೆ ಹತ್ತುತ್ತಿರಲಿಲ್ಲ. ಒಂದು ಮಧ್ಯಾಹ್ನ ಸುಮ್ಮನೆ ನಡೆಯುತ್ತಿದ್ದಾಗ ಗೋಲಿ ಗಾತ್ರದ ಕೆಂಪು ಕಾಯಿ ತೊಟ್ಟಿನ ಸಮೇತ ಕಾಲ ಬಳಿ ಬಿತ್ತು. ತಿನ್ನಬಹುದೇ ಎಂದು ಹುಲ್ಲು ಕತ್ತರಿಸುತ್ತಿದ್ದವನನ್ನು ಕೇಳಿದರು. ತಿನ್ನಬಹುದು, ಆದರೆ ಯಾರೂ ತಿನ್ನುವುದಿಲ್ಲ ಎಂದ. ಕಚ್ಚಿದರು. ಹುಳಿ, ಹಿಂದೆಯೇ ಒಗರು, ಬಾಯಿ ತುಂಬ ನೀರು. ಮನೆಗೆ ಓಡಿ ಹೋಗಿ ಉಪ್ಪು, ಖಾರದ ಪುಡಿ ಹಚ್ಚಿ ಇನ್ನಾರು ತಿಂದರು. ಈ ದೇಶಕ್ಕೆ ಬಂದ ಮೇಲೆ ಅವತ್ತು ಮೊದಲ ಬಾರಿಗೆ ಎರಡನೆಯ ಸಲ ಅನ್ನ ಹಾಕಿಸಿಕೊಂಡರು. ಆ ಕಾಯಿಗೆ ಮಿಡಿಸೇಬು ಎಂದು ಅವರೇ ಹೆಸರಿಟ್ಟರು. ಆಮೇಲೆ ಒಂದು ಸೆಪ್ಟೆಂಬರ್ ಕೂಡ ಬಿಡದೆ ಮಾವಿನ ಮಿಡಿಯ ಕ್ರಮದಲ್ಲೇ ಉಪ್ಪಿನಲ್ಲಿ ಹಾಕಿ, ಸಾಸಿವೆ ಖಾರ ಅರೆದು ಬೆರೆಸುತ್ತ ಬಂದರು. ನನ್ನ ಬಾಟಲಿಗಳು ಯಾಕೆ ಪರೀಕ್ಷೆಯಲ್ಲಿ ಫೇಲಾಗುತ್ತಿದ್ದವು ಎಂಬುದು ಆಮೇಲೆ ತಿಳಿಯಿತು.

ಕಳೆದ ವರ್ಷ ಆಗಸ್ಟ್ ಕೊನೆಗೆ ಮನೆ ಬಾಗಿಲಿಗೆ ಬಡಾವಣೆಯ ಅಸೋಸಿಯೇಷನ್ನಿನ ಕಾಗದ ಅಂಟಿಕೊಂಡಿತ್ತು. ತಿರುವಿನ ಮರದ ಕಾಯಿ ದಾರಿಯ ಮೇಲೆ ಬಿದ್ದು ಜಾರುತ್ತದೆ, ಕಣಜಗಳು ಬರುತ್ತವೆ, ಅಕ್ಟೋಬರಿನಲ್ಲಿ ಮರ ತೆಗೆಸಲಾಗುವುದು. ದೂರು ಕೊಟ್ಟವರು ನಾಲ್ಕನೇ ಮನೆಯ ದೇವೇಂದ್ರ, ಧಾರವಾಡದ ಕಡೆಯ ಇಂಜಿನಿಯರ್. ಹಿಂದಿನ ಸೆಪ್ಟೆಂಬರಿನಲ್ಲಿ ಮಗಳು ರಿಯಾಳ ಹುಟ್ಟುಹಬ್ಬದ ಕೇಕು ಹಿಡಿದು ಬರುವಾಗ ಅವರು ಆ ಕಾಯಿಗಳ ಮೇಲೆ ಜಾರಿ, ಕೇಕಿನ ಮೇಲೆಯೇ ಕೂತಿದ್ದರು. ಮಗಳು ಒಂದು ವರ್ಷದಲ್ಲಿ ಮರೆತಳು. ಅವರು ಮರೆತಿರಲಿಲ್ಲ.

ಅಂಬುಜಾ ಮೀಟಿಂಗಿಗೆ ಹೋದರು. ಅಸೋಸಿಯೇಷನ್ನಿನ ಅಧ್ಯಕ್ಷೆ ಕ್ಯಾರಲ್ ಎಂಬ ಬಿಳಿಗೂದಲಿನ ಹೆಂಗಸು, ಮಾತು ಕಡಿಮೆ. ಸೆಪ್ಟೆಂಬರ್ ಕೊನೆಯ ಶನಿವಾರದೊಳಗೆ ಮರ ಬರಿದು ಮಾಡುತ್ತೇನೆ, ದಾರಿಯಲ್ಲಿ ಒಂದೂ ಕಾಯಿ ಬಿಡುವುದಿಲ್ಲ, ಮರ ಬಿಡಿ ಎಂದು ಅಂಬುಜಾ ಕೇಳಿಕೊಂಡರು. ಶನಿವಾರ ಹತ್ತು ಗಂಟೆಗೆ ತಾನೇ ಬಂದು ನೋಡುವುದಾಗಿಯೂ, ದಾರಿಯಲ್ಲಿ ಒಂದು ಕಾಯಿ ಕಂಡರೂ ಸೋಮವಾರ ಗರಗಸದವರು ಬರುವರೆಂದೂ ಕ್ಯಾರಲ್ ಹೇಳಿದರು. ದೇವೇಂದ್ರ ಅದನ್ನು ಫೋನಿನಲ್ಲಿ ಬರೆದುಕೊಂಡರು.

ಸರಿ, ಅಂಬುಜಾ ಇಲ್ಲಿನ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಕರೆ ಕೊಟ್ಟರು. "ಭಾನುವಾರ ಹತ್ತು ಗಂಟೆಗೆ ಬನ್ನಿ, ಮಿಡಿ ಕೀಳೋಣ. ಊಟ ನಮ್ಮಲ್ಲೇ." ತಪ್ಪಾದದ್ದು ಕೊನೆಯ ಎರಡು ಪದಗಳಲ್ಲಿ. ಇಪ್ಪತ್ಮೂರು ಜನ ಹನ್ನೆರಡೂವರೆಗೆ, ಸರಿಯಾಗಿ ಊಟದ ಹೊತ್ತಿಗೆ ಬಂದರು. ಹಸಿದ ಹೊಟ್ಟೆಯಲ್ಲಿ ಏಣಿ ಹತ್ತಿಸಬಾರದೆಂದು ಅಂಬುಜಾ ಮೊದಲು ಬಡಿಸಿದರು. ಬಿಸಿಬೇಳೆಬಾತು, ಮೇಲೆ ತುಪ್ಪ, ಬೂಂದಿ, ಆಮೇಲೆ ಮೊಸರನ್ನ. ಎರಡು ಗಂಟೆಯ ಹೊತ್ತಿಗೆ ಮರದ ಕೆಳಗೆ ಸಾಲಾಗಿ ಚಾಪೆ, ಚಾಪೆಯ ಮೇಲೆ ಸಾಲಾಗಿ ಐಟಿ ಕನ್ಸಲ್ಟೆಂಟರು. ಮಕ್ಕಳು ಕಿತ್ತದ್ದರಲ್ಲಿ ಅರ್ಧವನ್ನು ಒಬ್ಬರಿಗೊಬ್ಬರು ಎಸೆದುಕೊಂಡರು. ಒಂದು ಬುಟ್ಟಿ ಕೂಡ ತುಂಬಲಿಲ್ಲ.

"ನೆಕ್ಸ್ಟ್ ವೀಕೆಂಡ್ ಪಕ್ಕಾ ಆಂಟಿ," ಎಂದ ಹರಿ ಎಂಬ ಹುಡುಗ, ಮಿಕ್ಕ ಬಾತಿನ ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು.

ಮುಂದಿನ ವಾರ ಅವರೆಲ್ಲ ದುಡ್ಡು ಕೊಟ್ಟು ಸೇಬು ಕೀಳಲು ಮಿಶಿಗನ್ನಿಗೆ ಡ್ರೈವ್ ಮಾಡಿಕೊಂಡು ಹೋದರು.

ಕೊನೆಯ ಶುಕ್ರವಾರ ಬಂತು. ಗಂಡ ಹೆಂಡತಿ ಸಂಜೆ ಸಂಜೆ ಕಿತ್ತರೂ ಕೆಳಗಿನ ಕೊಂಬೆಗಳಷ್ಟೇ ಖಾಲಿಯಾಗಿದ್ದವು. ಮಾಧವ ಏಣಿ ಹತ್ತಿದರೆ ಅಂಬುಜಾಗೆ ತಲೆ ತಿರುಗುತ್ತಿತ್ತು. ಅಂಬುಜಾ ಹತ್ತಲು ಮಂಡಿ ಬಿಡುತ್ತಿರಲಿಲ್ಲ. ಆ ರಾತ್ರಿ ಗಂಟೆಗೆ ನಲವತ್ತು ಮೈಲಿ ಗಾಳಿ ಎಂದು ಫೋನು ಹೇಳಿತು.

"ಮುಗೀತು ಅಂಬು. ಬೆಳಿಗ್ಗೆ ದಾರಿ ಕೆಂಪಗಿರುತ್ತೆ. ನೀನು ಮಾಡೋದು ಮಾಡಿದೀಯ."

ಅಂಬುಜಾ ತುಳಸಿ ಕುಂಡಕ್ಕೆ ಹೊದಿಸಲು ಹಳೆಯ ಸೀರೆ ಹುಡುಕುತ್ತಿದ್ದರು. ಸಿಕ್ಕಿದ ಸೀರೆಯ ಅಂಚಿನಲ್ಲಿ ಯಾವ ಕಾಲದ್ದೋ ಸಂಡಿಗೆ ಹಿಟ್ಟಿನ ಕಲೆ. ಅದನ್ನು ಉಗುರಿನಲ್ಲಿ ಕೆರೆಯುತ್ತ ನಿಂತರು.

"ರೀ, ಬೀಳೋದನ್ನ ನಾವು ತಡೆಯೋಕಾಗಲ್ಲ," ಎಂದರು. "ಎಲ್ಲಿ ಬೀಳಬೇಕು ಅನ್ನೋದನ್ನ ಹೇಳಬಹುದು."

ಅಟ್ಟದಿಂದ ಹನ್ನೊಂದು ಕಾಟನ್ ಸೀರೆ ಇಳಿದವು. ಐದು ಗಂಟೆಗೆ ಅಂಬುಜಾ ನನ್ನ ಅಂಗಡಿಯಲ್ಲಿದ್ದರು. ನಾಲ್ಕು ಪೌಂಡಿನ ಕಲ್ಲುಪ್ಪಿನ ಪ್ಯಾಕೆಟ್ಟು, ನಲವತ್ತನಾಲ್ಕು. ಸೀರೆಗೆ ನಾಲ್ಕು ಮೂಲೆ, ಲೆಕ್ಕದ ಟೀಚರ್ ಲೆಕ್ಕ ಹಾಕಿಕೊಂಡೇ ಬಂದಿದ್ದರು.

"ಏನು ಅಂಬುಜಮ್ಮನೋರೆ, ಮನೇಲಿ ಸಮುದ್ರ ಮಾಡ್ತೀರಾ?"

"ಬಿಲ್ ಸರಿಯಾಗಿ ಕೊಡಿ ಶೆಟ್ರೆ, ಬೇಕಾಗುತ್ತೆ."

ಆ ಮಾತನ್ನು ನಾನು ಗಮನಿಸಬೇಕಿತ್ತು. ಉಪ್ಪಿನ ಶೆಲ್ಫು ಖಾಲಿಯಾದ ಖುಷಿಯಲ್ಲಿ ಗಮನಿಸಲಿಲ್ಲ.

ಹೊತ್ತು ಮುಳುಗುವ ಮುಂಚೆ ಮರದ ಸುತ್ತ, ದಾರಿಯುದ್ದಕ್ಕೂ, ಸೀರೆ ಹಾಸಿ ಮೂಲೆಗೆ ಉಪ್ಪು ಇಟ್ಟಾಯಿತು. ದೇವೇಂದ್ರ ಜಾಕೆಟ್ಟಿನ ಜಿಪ್ಪು ಎಳೆಯುತ್ತ ಬಂದರು.

"ಆಂಟಿ, ಇದೇನ್ರಿ? ಕಾಮನ್ ಏರಿಯಾದಾಗ ಬಟ್ಟಿ ಒಣಗಿ ಹಾಕಂಗಿಲ್ಲಂತ ರೂಲ್ ಐತ್ರಿ."

"ಒದ್ದೆ ಇದ್ರೆ ತಾನೇ ಒಣಗಿಹಾಕೋದು? ಮುಟ್ಟಿ ನೋಡಪ್ಪ, ಒಣಗೇ ಇದೆ."

"ಮತ್ತ ಯಾಕ ಹಾಸೀರಿ?"

"ನಾಳೆ ಕ್ಯಾರಲ್ ಬರ್ತಾರಲ್ಲ, ಸ್ವಾಗತಕ್ಕೆ."

ದೇವೇಂದ್ರ ಬಗ್ಗಿ, ತುದಿಯಲ್ಲಿದ್ದ ಸೀರೆಯ ಕೆಂಪು ಸೆರಗು ಮುಟ್ಟಿದರು. "ಇದು ಇಳಕಲ್ ಅಲ್ಲೇನ್ರಿ?"

"ಹೂಂ. ನಿಮ್ಮ ಕಡೇದೇ. ಮೂವತ್ತು ವರ್ಷದ್ದು."

"ಇದನ್ನ ತುದೀಗೆ ಹಾಕಬ್ಯಾಡ್ರಿ, ಗಾಳಿ ಕಿತ್ಕೊಂಡು ಹೋಗ್ತೈತಿ. ನಡುವ ಹಾಕ್ರಿ." ತಾವೇ ಎಳೆದು ನಡುವೆ ಹಾಸಿ, ಉಪ್ಪಿನ ಪ್ಯಾಕೆಟ್ಟುಗಳನ್ನು ಸರಿಮಾಡಿ ಎದ್ದರು. "ನಾ ಹೆಲ್ಪ್ ಮಾಡಾಕತ್ತಿಲ್ರಿ ಮತ್ತ. ನನ್ನ ಕಂಪ್ಲೇಂಟ್ ಹಂಗ ಐತಿ."

"ಇರ್ಲಿ ಬಿಡಪ್ಪ. ಅದರ ಮೇಲೂ ಒಂದು ಪ್ಯಾಕೆಟ್ ಇಡ್ಲಾ, ಹಾರಿಹೋಗದ ಹಾಗೆ?"

ದೇವೇಂದ್ರ ನಗು ಬಾರದವರ ಹಾಗೆ ಮನೆಗೆ ಹೋದರು.

ಬೆಳಿಗ್ಗೆ ನಲವತ್ತೇಳು ಡಿಗ್ರಿ. ಆಕಾಶ ತೊಳೆದಿಟ್ಟ ಹಾಗಿತ್ತು, ಗಾಳಿ ತಣ್ಣಗೆ ಮೂಗಿನ ತುದಿ ಹಿಡಿಯುತ್ತಿತ್ತು. ಅಂಬುಜಾ ಸ್ವೆಟರ್ ಹಾಕಿಕೊಂಡು ಹೊರಗೆ ಬಂದು ಮೊದಲು ಮರ ನೋಡಿದರು. ಇಪ್ಪತ್ಮೂರು ಜನ ಮಾಡದ ಕೆಲಸವನ್ನು ಗಾಳಿ ಊಟ ಕೇಳದೆ ಮಾಡಿ ಹೋಗಿತ್ತು. ಮರ ಬರಿದಾಗಿತ್ತು. ಹಸಿರು, ನೀಲಿ, ಹಳದಿ ಸೀರೆಗಳ ಮೇಲೆಲ್ಲ ಕೆಂಪು ಮಿಡಿಸೇಬು. ಗಂಡ ಹೆಂಡತಿ ಒಂದೊಂದೇ ಸೀರೆಯ ನಾಲ್ಕು ಮೂಲೆ ಸೇರಿಸಿ ಗಂಟು ಕಟ್ಟಿ ಗರಾಜಿಗೆ ಎಳೆದರು. ಸೀರೆ ದಾಟಿ ಉರುಳಿದ್ದನ್ನು ಅಂಬುಜಾ ಮೋರಿ ಬದಿಯಲ್ಲಿ ಪುಟ್ಟ ಸ್ಟೂಲು ಹಾಕಿಕೊಂಡು ಆರಿಸಿದರು.

ಹತ್ತು ಗಂಟೆಗೆ ಕ್ಯಾರಲ್ ಬಂದರು, ಇಲ್ಲಿಯವರು ಈ ಕಾಲದಲ್ಲಿ ಕುಡಿಯುವ ಕುಂಬಳಕಾಯಿ ಕಾಫಿ ಹಿಡಿದು. ದಾರಿಯಲ್ಲಿ ಎರಡು ಸಲ ನಡೆದರು. ಒಂದು ಕಾಯಿ ಇಲ್ಲ. ಅಷ್ಟರಲ್ಲಿ ದೇವೇಂದ್ರ ಅಂಗೈಯಲ್ಲಿ ಒಂದು ಮಿಡಿಸೇಬು ಹಿಡಿದು ಬಂದರು. 

ಎಲ್ಲಿ ಸಿಕ್ಕಿತೆಂದು ಕ್ಯಾರಲ್ ಕೇಳಿದರು. ದೇವೇಂದ್ರ ಒಮ್ಮೆ ಅಂಬುಜಾರ ಕಡೆ ನೋಡಿದರು, ಒಮ್ಮೆ ಕೈಯಲ್ಲಿದ್ದ ಕಾಯಿಯ ಕಡೆ.

"ಮೈ ಕಾರ್. ಅಂಡರ್ ದ ವೈಪರ್."

"ದೆನ್ ಇಟ್ಸ್ ಯುವರ್ಸ್, ದೇವ್," ಎಂದು ಕ್ಯಾರಲ್ ಕಾಫಿ ಹೀರಿದರು. ಮರ ಉಳಿಯುತ್ತದೆ, ಆದರೆ ಪ್ರತಿ ಸೆಪ್ಟೆಂಬರಿನಲ್ಲೂ ಹೀಗೆಯೇ ಆಗಬೇಕು ಎಂದರು.

"ಪ್ರತಿ ವರ್ಷವೇ?" ಎಂದು ಮಾಧವ ಸೊಂಟ ಹಿಡಿದುಕೊಂಡರು.

ಅಂಬುಜಾ ಅದನ್ನು ಬರೆದು ಸಹಿ ಹಾಕಿ ಕೊಡಿ ಎಂದು ಕ್ಯಾರಲ್ ಅವರನ್ನು ಕೇಳುತ್ತಿದ್ದರು.

ಅದೇ ಮಧ್ಯಾಹ್ನ ನನ್ನ ಅಂಗಡಿಯ ಮುಂದೆ ಅವರ ಕಾರು ನಿಂತಿತು. ಡಿಕ್ಕಿಯಲ್ಲಿ ಕಲ್ಲುಪ್ಪಿನ ಮೂವತ್ತೆಂಟು ಪ್ಯಾಕೆಟ್ಟು. ಒಂದೂ ಒಡೆದಿರಲಿಲ್ಲ, ಕೆಲವಕ್ಕೆ ಹುಲ್ಲು ಅಂಟಿತ್ತು.

"ಆರು ಸಾಕು ಉಪ್ಪಿನಕಾಯಿಗೆ. ಇವನ್ನ ವಾಪಸ್ ತಗೊಳ್ಳಿ ಶೆಟ್ರೆ. ಬಿಲ್ ಇದೆ."

ತೆಗೆದುಕೊಂಡೆ. ತೆಗೆದುಕೊಳ್ಳದೆ ಏನು ಮಾಡಲಿ, ಬಿಲ್ಲು ನಾನೇ ಕೊಟ್ಟದ್ದು. ಪ್ಯಾಕೆಟ್ಟು ಎಣಿಸುತ್ತ ನಿಂತಾಗ ಅವರು ಕೌಂಟರಿಗೆ ಮೊಣಕೈ ಊರಿ ನಡೆದದ್ದನ್ನೆಲ್ಲ ಹೇಳಿದರು, ಹಿಂದೆ ನಾಲ್ಕು ಜನ ಕ್ಯೂನಲ್ಲಿದ್ದರು. ಮೂರು ವಾರ ಬಿಟ್ಟು ಒಂದು ಬಾಟಲಿ ತಂದು ನನ್ನ ಬಾಟಲಿಗಳ ಪಕ್ಕದಲ್ಲೇ ಇಟ್ಟು, "ವಿನಿಗರ್ ಇಲ್ಲ" ಎಂದು ಹೋದರು. ದೇವೇಂದ್ರ ಖಾರ ಸಾಲದು ಎಂದರಂತೆ. ಎರಡನೆಯ ಬಾಟಲಿಯನ್ನೂ ಒಯ್ದರಂತೆ.

ಈ ವರ್ಷ ಮೊನ್ನೆ ಬೆಳಿಗ್ಗೆ ಐವತ್ತೆಂಟು ಡಿಗ್ರಿಗೆ ಇಳಿಯಿತು. ಅಂಗಡಿಯ ಏಸಿ ಆರಿಸಿ, ಬಾಗಿಲಿಗೆ ಅಕ್ಕಿ ಮೂಟೆ ಒರಗಿಸಿ ತೆರೆದಿಟ್ಟು, ಹೊರಗೆ ಕುರ್ಚಿ ಹಾಕಿಕೊಂಡು ಕಾಲು ಗಂಟೆ ಕೂತಿದ್ದೆ. ಪಾರ್ಕಿಂಗ್ ಲಾಟಿನ ಅಂಚಿನಲ್ಲಿ ಒಂದು ಮರ ಹಳದಿಗೆ ತಿರುಗುತ್ತಿತ್ತು. ಅದು ಅಲ್ಲಿರುವುದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷದ ಸೆಪ್ಟೆಂಬರುಗಳನ್ನೆಲ್ಲ ನಾನು ಮುಂದೆ ಬೀಳುವ ಹಿಮದ ಚಿಂತೆಯಲ್ಲೇ ಕಳೆದಿದ್ದೆ. ಈ ಸೆಪ್ಟೆಂಬರನ್ನು ನನಗೆ ಕೊಟ್ಟವರು ಅಂಬುಜಾ. ಅದಕ್ಕೆ ನಾನು ಅವರಿಗೆ ಋಣಿ.