ಐದು ಗೆರೆಗಳ ಮೇಲೆ ನಾವಿಬ್ಬರು

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಕಂಪ್ಯೂಟರಿನಲ್ಲಿ ಹಾಡು ಬರೆಯುವುದು ಹೇಗೆಂದು ನನಗೆ ಗೊತ್ತು. ತೊಂಬತ್ತನೇ ಇಸವಿಯ ಆಚೀಚೆ ಸಯನ್ನಿನ ನಮ್ಮ ಮನೆಯಲ್ಲಿ ಅದಕ್ಕಾಗಿಯೇ ಮೂರು ದಿನ ಅಡುಗೆ ತಡವಾಗಿತ್ತು.

ಮಗಳು ಚೆಂಬೂರಿನ ಒಂದು ಶಾಲೆಯಲ್ಲಿ ಸಂಗೀತದ ಟೀಚರ್. ವಾರ್ಷಿಕೋತ್ಸವಕ್ಕೆ ಮಕ್ಕಳಿಂದ ನಮ್ಮ ಮನೆಯ ಆರತಿ ಹಾಡು ಹಾಡಿಸುತ್ತೇನೆಂದು ಹೊರಟಳು. ಪಿಯಾನೋ ನುಡಿಸುವಾಕೆಗೆ ಅದು ಇಂಗ್ಲಿಷ್ ಸಂಗೀತದ ಹಾಗೆ ಕಾಗದದ ಮೇಲೆ, ಐದು ಗೆರೆಗಳಲ್ಲಿ ಸ್ವರದ ಗುರುತು ಹಾಕಿ ಬರೆದದ್ದು ಬೇಕು. ಶಾಲೆಯ ಕಂಪ್ಯೂಟರು ಟ್ಯಾಕ್ಸಿಯಲ್ಲಿ ಮನೆಗೆ ಬಂತು.

ಆ ಹಾಡಿಗೆ ಇಬ್ಬರು ಬೇಕು. ನಾನು ಸಾಲಿನ ಕೊನೆಯನ್ನು ಎಳೆದು ಹಿಡಿದಿರುವಾಗಲೇ, ನಮ್ಮ ಜೊತೆಗೇ ಇದ್ದ ನನ್ನ ನಾದಿನಿ ಮುಂದಿನ ಸಾಲು ಎತ್ತಿಕೊಳ್ಳಬೇಕು. ಆರತಿ ತಟ್ಟೆ ಸುತ್ತುತ್ತಿರುವಾಗ ಹಾಡು ನಿಲ್ಲಬಾರದು, ಅದಕ್ಕೆ. ಮಗಳು ಇಬ್ಬರದನ್ನೂ ಕೇಳಿದ ಹಾಗೇ ಕೀಗಳನ್ನು ಒತ್ತುತ್ತ ಹೋದಳು. ಕಂಪ್ಯೂಟರು ನನ್ನದು ಮುಗಿದ ಮೇಲೆ ನಾದಿನಿಯದೆಂದು, ಚಾಳಿನ ನಲ್ಲಿಯ ಮುಂದೆ ಕೊಡ ಇಟ್ಟ ಹಾಗೆ ನಮ್ಮನ್ನು ಸಾಲಾಗಿ ನಿಲ್ಲಿಸಿತು.

"ಅತ್ತೆ, ನಿಮ್ಮ ಭಾಗ ಬಿಟ್ಬಿಡ್ಲಾ? ಶನಿವಾರ ಪೇಪರ್ ಕೊಡ್ಬೇಕು" ಎಂದಳು ಮಗಳು.

"ಬಿಡೇ. ನಿಮ್ಮಮ್ಮ ಒಬ್ರೇ ಹಾಡ್ಲಿ. ಮೂರನೇ ಸಾಲಿಗೆ ಉಸಿರು ನಿಲ್ಲುತ್ತೆ, ಆಂಬುಲೆನ್ಸ್ ಕರೀರಿ" ಎಂದಳು ನಾದಿನಿ.

ನಗುತ್ತಲೇ ಅಂದಳು. ಆದರೆ ಮಧ್ಯಾಹ್ನ ಮಜ್ಜಿಗೆ ಬೇಡವೆಂದಳು. ಅವಳು ಮಜ್ಜಿಗೆ ಬೇಡವೆಂದದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

"ಹಾಕಿದ್ರೆ ಇಬ್ಬರದೂ ಹಾಕು, ಇಲ್ಲಾಂದ್ರೆ ಆ ಡಬ್ಬಾನ ವಾಪಸ್ ಕಳ್ಸು" ಎಂದೆ ಮಗಳಿಗೆ.

ಡಬ್ಬದ ಜೊತೆ ಬಂದಿದ್ದ ಪುಸ್ತಕವನ್ನು ಅವಳು ಆಮೇಲೆ ಓದಿದಳು. ಅದೇ ಐದು ಗೆರೆಗಳ ಮೇಲೆ ಎರಡು ದನಿಗಳನ್ನು ಬೇರೆಬೇರೆ ಇಡಬಹುದಂತೆ. ಮೊದಲನೆಯದನ್ನು ಕೊನೆಯವರೆಗೆ ಬರೆದು, ತಿರುಗಿ ಮೊದಲಿಗೆ ಬಂದು ಎರಡನೆಯದನ್ನು ಬರೆಯಬೇಕು. ಒಬ್ಬರು ಸುಮ್ಮನಿದ್ದ ಹೊತ್ತನ್ನೂ ಲೆಕ್ಕವಿಟ್ಟು ಗುರುತು ಹಾಕಬೇಕು. ಹಾಗಾಗಿ ಒಬ್ಬೊಬ್ಬರೇ ಹಾಡಿ ಎಂದಳು.

ನಾನು ಹಾಡಿದೆ. ನಾದಿನಿಗೆ ಆಗಲಿಲ್ಲ. ಒಬ್ಬಳೇ ಹಾಡಿ ಗೊತ್ತೇ ಇಲ್ಲ.

"ಅತ್ತಿಗೆ ಎಳೀದೇ ನಾನು ಎಲ್ಲಿ ಹತ್ಲಿ? ಚಲ್ತಿ ಲೋಕಲ್ ಟ್ರೇನ್ ಹತ್ತೋಕೂ ಮೊದ್ಲು ಟ್ರೇನ್ ಬರ್ಬೇಕಲ್ವಾ!"

ನಾನು ಪಕ್ಕದಲ್ಲಿ ಹಾಡಿದರೆ ಮಗಳ ಕಿವಿಗೆ ಎರಡೂ ಕಲಸಿಹೋಗುತ್ತಿತ್ತು. ಕೊನೆಗೆ ನನ್ನನ್ನು ಬಚ್ಚಲಿಗೆ ಹಾಕಿ ಬಾಗಿಲು ಮುಚ್ಚಿದರು. ಬಕೆಟ್ಟು ಬೋರಲು ಹಾಕಿ ಕೂತು ಮೆಲ್ಲಗೆ ಹಾಡಿದೆ. ಹೊರಗೆ ಅವಳು ಎತ್ತಿಕೊಂಡಳು.

ಅಷ್ಟು ವರ್ಷ ಪಕ್ಕದಲ್ಲಿ ಕೂತು ನಾನು ಕೇಳಿದ್ದು ನನ್ನ ದನಿಯನ್ನೇ. ಬಚ್ಚಲಿನಿಂದ ಅವಳದು ಕೇಳಿಸಿತು. ಎರಡನೇ ಸಾಲಿನ ತಿರುವನ್ನು ನನಗಿಂತ ಚೆನ್ನಾಗಿ ಹಾಡುತ್ತಿದ್ದಳು. ಹೇಳಲಿಲ್ಲ. ಹೇಳಿದರೆ ತಲೆ ಮೇಲೆ ಕೂರುತ್ತಾಳೆ.

ಶುಕ್ರವಾರ ಹಾಡು ಕಾಗದದ ಮೇಲೆ ಅಚ್ಚಾಗಿ ಬಂತು. ನಾದಿನಿ ಕನ್ನಡಕ ಹಾಕಿಕೊಂಡು, ಗೆರೆಗಳ ಮೇಲೆ ಕೂತ ಬಾಲದ ಕರಿ ಚುಕ್ಕೆಗಳನ್ನು ನೋಡಿದಳು.

"ಅತ್ತಿಗೇದಕ್ಕೆಲ್ಲ ಬಾಲ ಮೇಲೆ, ನಂದಕ್ಕೆ ಯಾಕೆ ಕೆಳಗೆ?"

"ಎರಡನೇ ದನಿಗೆ ಹಾಗೇ ಅತ್ತೆ. ಯಾರದು ಯಾವ್ದು ಅಂತ ಗೊತ್ತಾಗ್ಬೇಕಲ್ಲ."

"ಎರಡನೇದಾ? ನಾನಾ?"

"ಬಾಯಿ ಮುಚ್ಕೊಂಡು ಮಜ್ಜಿಗೆ ಕುಡಿಯೇ" ಎಂದೆ.

ಎರಡು ಲೋಟ ಕುಡಿದಳು.